ಮೈಕಮ್ಮನ ನೀರಿನ ಡಬ್ಬಿ

ಮೈಕಮ್ಮನಿಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ ಎಂದು ಬಸ್ ನಿಲ್ದಾಣದವರೆಲ್ಲ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಕಾರಣ ಯಾವಾಗಲೂ ಇರುತ್ತಿತ್ತು. ನಾಲ್ಕನೇ ಅಂಕಣಕ್ಕೆ ಬರಬೇಕಾದ ಬಸ್ಸನ್ನು ಡ್ರೈವರ್ ಆರನೇ ಅಂಕಣಕ್ಕೆ ತಂದು ನಿಲ್ಲಿಸಿದರೆ ಅದೊಂದು ಕಾರಣ. ಹೊರಡುವ ಹೊತ್ತಿಗೆ ಕಂಡಕ್ಟರ್ ಕ್ಯಾಂಟೀನಿನಲ್ಲಿ ಹರಟುತ್ತ ಕೂತಿದ್ದರೆ ಇನ್ನೊಂದು. ಇಪ್ಪತ್ತಾರು ವರ್ಷದಿಂದ ಅವಳು ಆ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಹೇಳುತ್ತಿದ್ದಳು. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೊಂದು ಗಾಜಿನ ಗೂಡು. ಅದರೊಳಗೆ ಒಂದು ಮೇಜು, ಒಂದು ಕಿರುಗುಟ್ಟುವ ಫ್ಯಾನು, ಒಂದು ಮೈಕು, ಮತ್ತು ಇವಳು. ಅಲ್ಲಿಂದ ನೋಡಿದರೆ ಇಡೀ ನಿಲ್ದಾಣ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

"ನೀಲಿ ಚೀಲ ಹಿಡಿದವರೇ, ಅದು ನಿಮ್ಮ ಬಸ್ಸಲ್ಲ, ಇಳೀರಿ," ಎಂದು ಅವಳು ಮೈಕಿನಲ್ಲಿ ಗದರಿದರೆ ಎಲ್ಲೋ ಒಬ್ಬ ನೀಲಿ ಚೀಲದವನು ಬೆಚ್ಚಿಬಿದ್ದು ಇಳಿದು ಬರುತ್ತಿದ್ದ. ಯಾವುದಕ್ಕೂ ಇರಲಿ ಎಂದು ಹಸಿರು ಚೀಲದವರೂ ಇಳಿಯುತ್ತಿದ್ದರು. ಮೈಕಮ್ಮ ಎಂಬ ಹೆಸರಿಟ್ಟವರು ಮೂಟೆ ಹೊರುವವರು. ಆ ಹೆಸರು ಅವಳಿಗೆ ಇಷ್ಟವಿತ್ತು, ಆದರೆ ಇಷ್ಟ ಎಂದು ಯಾರಿಗೂ ಹೇಳಿರಲಿಲ್ಲ.

ಐವತ್ತು ದಾಟಿದ ಮೇಲೆ ಸಿಟ್ಟಿನ ಜತೆಗೆ ತೂಕಡಿಕೆಯೂ ಸೇರಿಕೊಂಡಿತು. ಹತ್ತು ಗಂಟೆ ಮಲಗಿದರೂ ಬೆಳಿಗ್ಗೆ ಏಳುವಾಗ ಯಾರೋ ರಾತ್ರಿಯಿಡೀ ಕಲ್ಲು ಹೊರಿಸಿದಷ್ಟು ಸುಸ್ತು. ತಲೆ ಭಾರ. ಕಣ್ಣು ಉರಿ. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು; ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಕಡಿಮೆ. ಆಡಿದರೂ ಎದುರಿಗಿದ್ದವರು ಇನ್ನೊಮ್ಮೆ ಹೇಳಿ ಎನ್ನಬೇಕು, ಅಷ್ಟು ಮೆತ್ತಗೆ.

"ನಿದ್ದೇಲಿ ನಿನಗೆ ಉಸಿರು ನಿಂತುಹೋಗುತ್ತೆ ಕಣೇ," ಎಂದು ಅವನು ಒಂದು ದಿನ ಹೇಳಿದ. "ನಾನು ಎಣಿಸಿದ್ದೀನಿ. ಒಂದೊಂದು ಸಲ ಇಪ್ಪತ್ತೈದು ಸೆಕೆಂಡು."

"ನನ್ನ ಉಸಿರು ಎಣಿಸ್ತಾ ಕೂತ್ಕೊಳ್ಳೋಕೆ ನಿಮಗೆ ಬೇರೆ ಕೆಲಸ ಇಲ್ವೇನ್ರೀ?" ಎಂದು ಅವಳು ಅವನ ಬಾಯಿ ಮುಚ್ಚಿಸಿದಳು.

ಆಮೇಲೆ ಆ ಮಧ್ಯಾಹ್ನ ಬಂತು. ಊಟ ಮುಗಿಸಿ ಬಂದು, ಮೈಕಿನ ಗುಂಡಿ ಒತ್ತಿ, "ಎರಡನೇ ಅಂಕಣದಲ್ಲಿ ನಿಂತಿರುವ" ಎಂದವಳು ಮುಂದಿನ ಮಾತು ಹೇಳಲೇ ಇಲ್ಲ. ಹಾಗೇ ಮೇಜಿನ ಮೇಲೆ ವಾಲಿದಳು. ಗುಂಡಿ ಒತ್ತಿದಂತೆಯೇ ಇತ್ತು. ಹದಿನಾಲ್ಕು ಸ್ಪೀಕರುಗಳಲ್ಲಿ ಅವಳ ಗೊರಕೆ ಇಡೀ ನಿಲ್ದಾಣಕ್ಕೆ ಕೇಳಿಸಿತು. ಮೊದಲು ಜನ ಸುಮ್ಮನಿದ್ದರು. ಯಾವುದೋ ಬಸ್ಸು ಸ್ಟಾರ್ಟ್ ಆಗದೆ ಕೆಮ್ಮುತ್ತಿದೆ ಎಂದು ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಓಡಿಬಂದ. ಗೊರಕೆ ನಡುವೆ ನಿಂತುಹೋಗಿ, ಎಷ್ಟೋ ಹೊತ್ತಿನ ಮೇಲೆ ಗಕ್ಕೆಂದು ಮತ್ತೆ ಹಿಡಿದಾಗ ಪ್ರಯಾಣಿಕರು ಗೊಳ್ಳೆಂದು ನಕ್ಕರು. ಆ ನಗುವೇ ಅವಳನ್ನು ಎಬ್ಬಿಸಿತು. ಗಾಜಿನಾಚೆ ನೋಡಿದರೆ ನೂರಾರು ಮುಖಗಳು ಮೇಲಕ್ಕೆ ತಿರುಗಿದ್ದವು, ಒಂದೊಂದರಲ್ಲೂ ಹಲ್ಲು.

ಅವತ್ತು ಅವಳಿಗೆ ಬಂದ ಸಿಟ್ಟಿನಲ್ಲಿ ಅರ್ಧ ನಾಚಿಕೆಯಿತ್ತು. ನಾಚಿಕೆ ಬೆರೆತ ಸಿಟ್ಟು ಹೆಚ್ಚು ಸುಡುತ್ತದೆ. ನಿಲ್ದಾಣದ ಕಂಟ್ರೋಲರ್ ತನ್ನ ಕೋಣೆಗೆ ಕರೆಸಿ, ಕಾಗದಗಳ ಕಡೆಗೆ ನೋಡುತ್ತಲೇ ಹೇಳಿದ. "ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ನಿಮ್ಮನ್ನ ಲಗೇಜ್ ರೂಮಿಗೆ ಹಾಕಬೇಕಾಗುತ್ತೆ."

ಪರೀಕ್ಷೆಯಾಯಿತು. ಮೈತುಂಬ ವೈರು ಅಂಟಿಸಿ ಮಲಗಿಸಿದರು. ಗಂಟೆಗೆ ನಲವತ್ತೊಂದು ಸಲ ಉಸಿರು ಕಟ್ಟುತ್ತಿದೆ ಎಂದು ತಿಳಿಯಿತು. ಗಂಡ ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದದ್ದಕ್ಕೂ ಅವಳಿಗೆ ಸಿಟ್ಟು ಬಂತು. ಡಾಕ್ಟರಮ್ಮ ಕಾಗದದ ಮೇಲೆ ಏನೇನೋ ಬರೆದು, ಆಸ್ಪತ್ರೆಯ ಎದುರಿನ ಅಂಗಡಿಗೆ ಕಳಿಸಿದಳು. ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು, ಯಂತ್ರ ಕೊಳವೆಯಲ್ಲಿ ಗಾಳಿ ಒತ್ತುತ್ತಿರುತ್ತದೆ, ಗಂಟಲು ಮುಚ್ಚಿಕೊಳ್ಳುವುದಿಲ್ಲ, ಉಸಿರು ನಿಲ್ಲುವುದಿಲ್ಲ. ವಿಷಯ ಇಷ್ಟೇ.

ಅಂಗಡಿಯವನು ಕೆಂಪು ಟೈ ಕಟ್ಟಿದ್ದ. ಅವನ ಹೆಸರು ಅವಳು ಕೇಳಲಿಲ್ಲ. ಅವತ್ತಿನಿಂದ ಅವನು ಟೈ. ಟೈ ಮನೆಗೇ ಬಂದು, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಯಂತ್ರವಿಟ್ಟು, ಮಾಸ್ಕಿನ ಪಟ್ಟಿ ಬಿಗಿದು ತೋರಿಸಿದ. "ತುಂಬಾ ಸುಲಭ ಮೇಡಂ. ಗುಂಡಿ ಒತ್ತಿ, ಮಲಗಿ. ತೊಳೆಯೋದಿಲ್ಲ, ಬಳಿಯೋದಿಲ್ಲ, ಯಾವ ರಗಳೇನೂ ಇಲ್ಲ. ಬರೀ ಗಾಳಿ."

ಮೊದಲ ನಾಲ್ಕು ದಿನ ಸ್ವರ್ಗ. ಬೆಳಿಗ್ಗೆ ಎದ್ದರೆ ತಲೆ ಹಗುರ, ಕಾಲು ಹಗುರ. ಐದನೇ ದಿನ ಎದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬೆರಳು ಹಾಕಿ ಬಿಡಿಸಬೇಕೇನೋ ಎನ್ನುವ ಹಾಗೆ. ಮೂಗಿನೊಳಗೆ ಉಪ್ಪುಕಾಗದ ಉಜ್ಜಿದಂಥ ಉರಿ. ಎಂಟನೇ ದಿನ ಮಾಸ್ಕಿನಲ್ಲಿ ರಕ್ತದ ಕಲೆ. ಅವಳು ಅಂಗಡಿಗೆ ಫೋನು ಮಾಡಿದಳು.

"ಅಭ್ಯಾಸ ಆಗುತ್ತೆ ಮೇಡಂ," ಎಂದ ಟೈ. "ಎಲ್ಲರಿಗೂ ಮೊದಲು ಹೀಗೇ. ಮಲಗೋ ಮುಂಚೆ ಒಂದು ಲೋಟ ನೀರು ಕುಡೀರಿ."

ಅವಳು ಎರಡು ಲೋಟ ಕುಡಿದಳು. ರಾತ್ರಿ ನಡುವೆ ಏಳಬೇಕಾಯಿತೇ ಹೊರತು ಗಂಟಲೇನೂ ನೆನೆಯಲಿಲ್ಲ. ಹದಿನೈದನೇ ದಿನ ಮೈಕಿನಲ್ಲಿ ಮಾತಾಡುವಾಗ ದನಿ ಒಡೆಯಿತು. ಮತ್ತೆ ಫೋನು. "ಮಷೀನು ಬಿಟ್ಟುಬಿಡಬೇಡಿ ಮೇಡಂ. ಒಳಗೆ ಕಾರ್ಡಿದೆ, ನೀವು ಎಷ್ಟು ಗಂಟೆ ಹಾಕ್ಕೊಂಡ್ರಿ ಅಂತ ಡಾಕ್ಟರಿಗೆ ಗೊತ್ತಾಗುತ್ತೆ. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಮನಸ್ಸು ಗಟ್ಟಿ ಮಾಡಿಕೊಳ್ಳಲು ಅವಳಿಗೆ ಹೇಳುವವನು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಹಲ್ಲು ಕಚ್ಚಿ ದಿನಾ ಹಾಕಿಕೊಂಡಳು. ಇಪ್ಪತ್ತೇಳನೇ ದಿನ ಗಾಜಿನ ಗೂಡಿನಲ್ಲಿ ಕೂತು ಗುಂಡಿ ಒತ್ತಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದಳು. ಸ್ಪೀಕರುಗಳಲ್ಲಿ ಯಾರೋ ಬಟ್ಟೆ ಹರಿದಂಥ ಸದ್ದು. ಮೂರನೇ ಸಲ ಅದೂ ಇಲ್ಲ.

ಒಬ್ಬ ಕಂಡಕ್ಟರನ್ನು ಮೈಕಿಗೆ ಕೂರಿಸಿ, ಅವಳನ್ನು ಲಗೇಜ್ ರೂಮಿಗೆ ಹಾಕಿದರು.

ಸಿಟ್ಟಿನವಳ ದನಿ ಹೋದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಮೈಯೊಳಗೇ ಸುತ್ತುತ್ತದೆ. ಅವಳು ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು ಬರೆದು ತೋರಿಸಲು ಶುರುಮಾಡಿದಳು. ಬೈಗುಳವನ್ನು ಬರೆಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಬರೆದು ಮುಗಿಸುವಷ್ಟರಲ್ಲಿ ಎದುರಿಗಿದ್ದವನು ಎದ್ದು ಹೋಗಿರುತ್ತಿದ್ದ. ಗಂಡ ಮಾತ್ರ ಕೂತು, ಕನ್ನಡಕ ಏರಿಸಿ, ಪೂರ್ತಿ ಓದುತ್ತಿದ್ದ. ಒಂದು ಸಂಜೆ ಅವಳು ಅವನ ವಂಶವನ್ನೆಲ್ಲ ಜಾಲಾಡಿ ಅರ್ಧ ಪುಟ ಬರೆದುಕೊಟ್ಟರೆ, ಅವನು ಓದಿ, ಪೆನ್ಸಿಲಿನಿಂದ ಒಂದು ಒತ್ತಕ್ಷರ ತಿದ್ದಿ ವಾಪಸು ಕೊಟ್ಟ. ಅವಳು ಪುಸ್ತಕವನ್ನು ಅವನ ಮೇಲೆ ಎಸೆದಳು. ಅವನು ಅದನ್ನು ಎತ್ತಿ, ಹಾಳೆ ನೇರ ಮಾಡಿ, ಮೇಜಿನ ಮೇಲಿಟ್ಟ.

ಲಗೇಜ್ ರೂಮಿನ ಕಿಟಕಿ ಬಸ್ಸು ತೊಳೆಯುವ ಶೆಡ್ಡಿನ ಕಡೆಗಿತ್ತು. ಅಲ್ಲಿ ರಬ್ಬರ್ ಬೂಟು ಹಾಕಿ, ಪೈಪು ಹಿಡಿದು ಬಸ್ಸು ತೊಳೆಯುತ್ತಿದ್ದವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಅವನು ದೂರದ ಮಾರ್ಗದ ಡ್ರೈವರ್ ಆಗಿದ್ದ, ಇಡೀ ಡಿಪೋದಲ್ಲಿ ಅವನಷ್ಟು ನಯವಾಗಿ ಬಸ್ಸು ತಿರುಗಿಸುವವರಿರಲಿಲ್ಲ. ಡ್ರೈವರುಗಳ ಆರೋಗ್ಯ ತಪಾಸಣೆಯಲ್ಲಿ ಅವನಿಗೂ ಇದೇ ಕಾಯಿಲೆ ಸಿಕ್ಕಿತು. ಅದೇ ಅಂಗಡಿಯಿಂದ ಯಂತ್ರ ತಗೊಂಡ. ತಿಂಗಳೊಳಗೆ ಬಿಟ್ಟ. ಚಿಕಿತ್ಸೆಗೆ ಸಹಕರಿಸುವುದಿಲ್ಲ ಎಂದು ಕಾರ್ಡು ನೋಡಿದ ಡಾಕ್ಟರಿಂದ ಬರೆಸಿಕೊಂಡು, ಮೆಡಿಕಲ್ ಬೋರ್ಡಿನವರು ಅವನನ್ನು ಸ್ಟಿಯರಿಂಗಿನಿಂದ ಇಳಿಸಿ ಪೈಪು ಕೈಗೆ ಕೊಟ್ಟರು. ಆ ದಿನಗಳಲ್ಲಿ ಮೈಕಮ್ಮ ಅವನನ್ನು ಕ್ಯಾಂಟೀನಿನಲ್ಲಿ ಎಲ್ಲರೆದುರು ಹಿಡಿದು ಬೈದಿದ್ದಳು. "ಐವತ್ತು ಜನರ ಜೀವ ಕೈಯಲ್ಲಿಟ್ಕೊಂಡು ಓಡಾಡೋನು ನೀನು. ಒಂದು ಮಾಸ್ಕ್ ಕಟ್ಕೊಂಡು ಮಲಗೋಕೆ ಸೋಮಾರಿತನವಾ? ನಾಚಿಕೆ ಆಗಲ್ವಾ?" ಆಗ ಅವಳ ಗಂಟಲು ಸರಿಯಿತ್ತು. ಆಚೆಯ ಟಿಕೆಟ್ ಕೌಂಟರಿನವರೆಗೂ ಕೇಳಿಸಿತ್ತು.

ಮೀಸೆ ಒಂದು ಬೆಳಿಗ್ಗೆ ತನ್ನ ಬೂಟು ಇಡಲು ಲಗೇಜ್ ರೂಮಿಗೆ ಬಂದ. ಅವಳು ಕರವಸ್ತ್ರ ಮೂಗಿಗೆ ಒತ್ತಿ ಕೂತಿದ್ದಳು. ಅವನು ಕರವಸ್ತ್ರ ನೋಡಿದ, ಅದರ ಮೇಲಿನ ಕಲೆ ನೋಡಿದ.

"ಮೂಗಲ್ಲಿ ರಕ್ತ ಬರ್ತಿದೆಯಾ ಅಕ್ಕ?"

ಅವಳು ತಲೆಯಾಡಿಸಿದಳು.

"ಬಾಯಿ ಒಣಗಿ ಹಲಗೆ ಆಗುತ್ತಾ?"

ಮತ್ತೆ ತಲೆಯಾಡಿಸಿದಳು.

"ನನಗೂ ಹಾಗೇ ಆಗ್ತಿತ್ತು. ದಿಂಬೆಲ್ಲ ರಕ್ತ. ಅಂಗಡಿಯವನಿಗೆ ಹೇಳಿದೆ, ಅಭ್ಯಾಸ ಆಗುತ್ತೆ ಅಂದ. ಬೋರ್ಡಿನವರಿಗೆ ಹೇಳಿದೆ, ನೆಪ ಹೇಳಬೇಡ ಅಂದ್ರು." ಅವನು ಬೂಟು ಗೋಡೆಗೆ ಒರಗಿಸಿದ. "ನಿಮಗೂ ಹೇಳೋಕೆ ಬಂದೆ, ಕ್ಯಾಂಟೀನಲ್ಲಿ. ನೀವು ಬಾಯಿ ಬಿಡೋಕೆ ಬಿಡಲಿಲ್ಲ."

ಹೋಗಿಬಿಟ್ಟ. ನೋಟ್‌ಬುಕ್ಕು ಅವಳ ತೊಡೆಯ ಮೇಲೇ ಇತ್ತು. ಮಧ್ಯಾಹ್ನದವರೆಗೂ ಯಾರ ಪೆಟ್ಟಿಗೆಗೆ ಯಾವ ಚೀಟಿ ಅಂಟಿಸಿದಳೋ ಅವಳಿಗೇ ಗೊತ್ತಿಲ್ಲ.

ಮರುದಿನ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು, ಗಂಡನನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕಾರ್ಡು ನೋಡಿ, "ಭೇಷ್, ಒಂದು ದಿನಾನೂ ತಪ್ಪಿಸಿಲ್ಲ," ಎಂದಳು. ಗಂಟಲಿಗೆ ದೀಪ ಹಿಡಿದು ನೋಡಿದ ಮೇಲೆ ಮುಖ ಗಂಟಿಕ್ಕಿತು. "ಇಷ್ಟೊಂದು ಯಾಕೆ ಒಣಗಿದೆ? ತೇವ ಎಷ್ಟರಲ್ಲಿ ಇಟ್ಟಿದ್ದೀರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಯಾವ ತೇವ ಡಾಕ್ಟ್ರೇ?" ಎಂದ ಗಂಡ.

ಡಾಕ್ಟರಮ್ಮ ಯಂತ್ರವನ್ನು ಹತ್ತಿರ ಎಳೆದುಕೊಂಡಳು. ಅದರ ಪಕ್ಕದಲ್ಲೊಂದು ಬೂದು ಬಣ್ಣದ ಮುಚ್ಚಳವಿತ್ತು. ಉಗುರು ಹಾಕಿ ಎಬ್ಬಿದಳು. ಒಳಗೆ ಖಾಲಿ ಗೂಡು, ಅದರ ತಳದಲ್ಲಿ ಹೊಳೆಯುವ ಲೋಹದ ತಟ್ಟೆ. "ಇಲ್ಲಿ ಹ್ಯೂಮಿಡಿಫೈಯರ್ ಇರಬೇಕು. ಅಂದ್ರೆ ನೀರಿನ ಡಬ್ಬಿ. ಈ ತಟ್ಟೆ ನೀರನ್ನ ಬೆಚ್ಚಗೆ ಮಾಡುತ್ತೆ, ಗಾಳಿ ಅದರ ಮೇಲೆ ಹಾದು ತೇವವಾಗಿ ಮೂಗಿಗೆ ಬರುತ್ತೆ. ಅದಿಲ್ಲದೆ ರಾತ್ರಿಯಿಡೀ ಒಣಗಾಳಿ ಹೊಡೆದ್ರೆ ಇನ್ನೇನಾಗುತ್ತೆ? ನಾನು ಚೀಟಿಯಲ್ಲಿ ಬರೆದಿದ್ದೆನಲ್ಲ."

ಚೀಟಿ ತೆಗೆದು ನೋಡಿದರೆ ನಿಜ, ಮೂರನೇ ಸಾಲಿನಲ್ಲಿ ಬರೆದಿತ್ತು. ಮೈಕಮ್ಮ ನೋಟ್‌ಬುಕ್ ತೆರೆದು ಬರೆದಳು: *ನೀವು ಬರೆದಿರಿ. ಬಂತೋ ಇಲ್ಲವೋ ಎಂದು ಯಾವತ್ತಾದರೂ ನೋಡಿದಿರಾ? ನಮ್ಮ ಡ್ರೈವರನ್ನು ಸಹಕರಿಸುವುದಿಲ್ಲ ಎಂದು ಬೋರ್ಡಿಗೆ ಬರೆದುಕೊಟ್ಟವರು ಯಾರು?*

ಡಾಕ್ಟರಮ್ಮ ಅದನ್ನು ಓದಿ ಪುಸ್ತಕ ವಾಪಸು ಕೊಟ್ಟಳು. "ನಾನೇ," ಎಂದಳು.

ರಸ್ತೆ ದಾಟಿ ಅಂಗಡಿಗೆ ಹೋಗುವಷ್ಟರಲ್ಲಿ ಮೈಕಮ್ಮ ಎರಡು ಪುಟ ತುಂಬಿಸಿದ್ದಳು. ನಡೆಯುತ್ತಲೇ ಬರೆದಿದ್ದಳು, ಒಂದು ಸೈಕಲ್ಲು ಅವಳನ್ನು ಬಳಸಿಕೊಂಡು ಹೋಗಬೇಕಾಯಿತು. ಅಂಗಡಿಯಲ್ಲಿ ಮೂರು ಜನ ಗಿರಾಕಿಗಳು ಬೆಂಚಿನ ಮೇಲೆ ಕೂತಿದ್ದರು. ಟೈ ಎದ್ದು ನಿಂತು ನಕ್ಕ. "ಬನ್ನಿ ಮೇಡಂ, ಗಂಟಲು ಹೇಗಿದೆ?"

ಅವಳು ಚೀಟಿಯನ್ನು ಕೌಂಟರಿನ ಮೇಲಿಟ್ಟು ಮೂರನೇ ಸಾಲಿನ ಮೇಲೆ ಬೆರಳು ಕುಟ್ಟಿದಳು.

ಟೈ ಓದಿದ. ನಗು ಸ್ವಲ್ಪ ಸಣ್ಣಗಾಯಿತು. "ಅದು ಬೇಕೇ ಬೇಕು ಅಂತೇನಿಲ್ಲ ಮೇಡಂ. ಕೆಲವರಿಗೆ ಬೇಕಾಗುತ್ತೆ, ಕೆಲವರಿಗೆ ಬೇಕಾಗಲ್ಲ. ಕಂಪನಿಯಿಂದ ಸ್ಟಾಕ್ ಕೂಡ ಸರಿಯಾಗಿ ಬರ್ತಿಲ್ಲ."

ಅವನ ಬೆನ್ನ ಹಿಂದೆ ಒಂದು ಕಪಾಟಿತ್ತು, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಇಪ್ಪತ್ತಾರು ವರ್ಷ ಗಾಜಿನ ಹಿಂದಿನಿಂದ ನಲವತ್ತು ಬಸ್ಸುಗಳನ್ನು ಒಟ್ಟಿಗೆ ನೋಡಿದ ಕಣ್ಣು ಅವಳದು. ಕೌಂಟರಿನ ಹಲಗೆ ಎತ್ತಿ ಸೀದಾ ಒಳಗೆ ಹೋದಳು. "ಮೇಡಂ, ಅಲ್ಲಿಗೆ ಬರೋ ಹಾಗಿಲ್ಲ," ಎಂದು ಅವನು ಅಡ್ಡ ಬರುವಷ್ಟರಲ್ಲಿ ಕಪಾಟು ತೆರೆದಿದ್ದಳು.

ಪಾರದರ್ಶಕ ಡಬ್ಬಿಗಳು. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಒಂದೊಂದು. ಸಾಲಾಗಿ, ಒಂದರ ಮೇಲೊಂದು, ಮೇಲಿನ ಹಲಗೆಯಿಂದ ಕೆಳಗಿನವರೆಗೆ. ಒಂದೊಂದಕ್ಕೂ ಆಸ್ಪತ್ರೆಯ ಫೈಲ್ ನಂಬರಿನ ಚೀಟಿ ಅಂಟಿತ್ತು. ತನ್ನ ನಂಬರು ಅವಳಿಗೆ ಬಾಯಿಪಾಠ. ಎರಡನೇ ಸಾಲಿನಲ್ಲೇ ಸಿಕ್ಕಿತು.

ಡಬ್ಬಿ ತಂದು ಕೌಂಟರಿನ ಮೇಲಿಟ್ಟಳು. ಬೆಂಚಿನ ಮೇಲಿನವರು ಎದ್ದು ನಿಂತರು.

ಟೈ ಈಗ ದನಿ ತಗ್ಗಿಸಿದ. "ಕೇಳಿ ಮೇಡಂ. ಜನಕ್ಕೆ ಇದನ್ನ ಇಟ್ಕೊಳ್ಳೋಕೆ ಬರಲ್ಲ. ದಿನಾ ನೀರು ಚೆಲ್ಲಿ ತೊಳೀರಿ ಅಂದ್ರೆ ತೊಳೆಯಲ್ಲ. ನಲ್ಲಿ ನೀರು ಹಾಕ್ತಾರೆ, ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತೆ. ನೀರು ತುಂಬಿದ ಹಾಗೇ ಮಷೀನನ್ನ ಎತ್ತಿ ಓರೆ ಮಾಡ್ತಾರೆ, ಮೋಟರಿಗೆ ನೀರು ಹೋಗಿ ಸುಟ್ಟುಹೋಗುತ್ತೆ. ಆಮೇಲೆ ಯಾರ ತಲೆ ತಿನ್ನೋದು? ನನ್ನದು. ಅದಕ್ಕೇ ಡಬ್ಬಿ ತೆಗೆದು ಮುಚ್ಚಳ ಹಾಕಿ ಕೊಡ್ತೀನಿ. ಎಲ್ಲರಿಗೂ ಅದೇ ಒಳ್ಳೇದು."

ಮೈಕಮ್ಮನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದಳು. ಗಂಟಲಿನಿಂದ ಬಂದದ್ದು ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನ ಸದ್ದು. ಜೀವಮಾನದಲ್ಲಿ ಎಷ್ಟು ಸಣ್ಣಸಣ್ಣ ವಿಷಯಕ್ಕೆ ಅವಳು ಆ ದನಿಯನ್ನು ಖರ್ಚು ಮಾಡಿದ್ದಳು. ಬೇಕಾದ ಹೊತ್ತಿಗೆ ಅದು ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದಾಳೆ ಎಂದು ಟೈ ತಿಳಿದಾನು ಎಂಬುದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ನೋಟ್‌ಬುಕ್ಕನ್ನು ಗಂಡನ ಎದೆಗೆ ಒತ್ತಿದಳು.

ಗಂಡ ಕನ್ನಡಕ ಏರಿಸಿ ಓದತೊಡಗಿದ. ಅದೇ ಮೆತ್ತನೆಯ, ಏರಿಳಿತವಿಲ್ಲದ ದನಿ, ವಾರಂಟಿ ಕಾರ್ಡು ಓದುವ ಹಾಗೆ. "ಅಯೋಗ್ಯ. ಕಳ್ಳ. ನಿನ್ನ ಕಂಠಕ್ಕೆ ಟೈ ಬದಲು ಬೇರೆ ಏನಾದರೂ ಕಟ್ಟಬೇಕಿತ್ತು. ಇಪ್ಪತ್ತೇಳು ದಿನ ನನ್ನ ಗಂಟಲು ಸುಟ್ಟೆ. ಫೋನು ಮಾಡಿದರೆ ಮನಸ್ಸು ಗಟ್ಟಿ ಮಾಡಿಕೋ ಅಂದೆ. ಒಬ್ಬ ಡ್ರೈವರಿನ ಕೈಯಿಂದ ಬಸ್ಸು ಕಿತ್ತುಕೊಂಡೆ." ಒಂದು ಬೈಗುಳವನ್ನೂ ಬಿಡದೆ ಓದಿದ. ಒಂದು ಕಡೆ ಅಕ್ಷರ ತಿಳಿಯದೆ ತಡವರಿಸಿ, ಅವಳಿಗೆ ತೋರಿಸಿ ಖಚಿತ ಮಾಡಿಕೊಂಡು ಓದಿದ. ಬೆಂಚಿನವರಲ್ಲೊಬ್ಬಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು, ಆಮೇಲೆ ನಗು ನಿಂತುಹೋಯಿತು.

ಪುಟ ಮುಗಿಯಿತು. ಗಂಡ ಪುಸ್ತಕ ಮುಚ್ಚಿದ. "ಇನ್ನು ಇದು ಪುಸ್ತಕದಲ್ಲಿಲ್ಲ, ನಾನು ಹೇಳ್ತಿರೋದು. ನಾನು ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡ್ತೀನಿ. ಜನ ಕೀ ಕೊಡೋಕೆ ಮರೀತಾರೆ, ನೀರಿಗೆ ಹಾಕ್ತಾರೆ, ಬೀಳಿಸ್ತಾರೆ. ಅದಕ್ಕೇ ನನಗೆ ಊಟ ಸಿಗೋದು. ಜನಕ್ಕೆ ಬರಲ್ಲ ಅಂತ ನಾನು ಯಾರ ಗಡಿಯಾರದಿಂದಲೂ ಮುಳ್ಳು ಕಿತ್ತು ಬಚ್ಚಿಟ್ಟುಕೊಂಡಿಲ್ಲ. ನೀನು ಒಂದು ಸಲ ಕೂರಿಸಿ ಹೇಳಿಕೊಟ್ಟಿದ್ರೆ ಇವಳು ಕಲೀತಿರಲಿಲ್ವೇನೋ? ಹೇಳಿಕೊಟ್ಟೆಯಾ?"

ಕೊನೆಯ ಮಾತಿಗೆ ಅವನ ದನಿ ಏರಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವಳು ಕೇಳಿರಲಿಲ್ಲ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಇನ್ನೊಂದು ಕೈಯಿಂದ ಅವನ ತೋಳು ಹಿಡಿದಳು.

ಡಬ್ಬಿ ಹಾಕಿದ ಮೊದಲ ರಾತ್ರಿಯೇನೂ ಸುಖವಾಗಿರಲಿಲ್ಲ. ತೇವವನ್ನು ಪೂರಾ ಮೇಲಕ್ಕೆ ಏರಿಸಿಟ್ಟಿದ್ದರಿಂದ ಕೊಳವೆಯೊಳಗೆ ಆವಿ ತಣಿದು ನೀರಾಗಿ, ಗುಳುಗುಳು ಸದ್ದಿನೊಂದಿಗೆ ಮೂಗಿಗೇ ಬಂದು ಬಿತ್ತು. ಡಾಕ್ಟರಮ್ಮ ಈ ಸಲ ತಾನೇ ಫೋನು ಮಾಡಿ ಕೇಳಿದಳು. ಕೇಳಿ, ತೇವ ಎರಡು ಅಂಕ ಇಳಿಸಿ, ಕೊಳವೆಗೆ ಬಟ್ಟೆ ಹೊದಿಸಿ, ಯಂತ್ರವನ್ನು ತಲೆಗಿಂತ ಕೆಳಗಿಡಿ ಎಂದಳು. ಗಂಡ ಹಳೆಯ ಉಣ್ಣೆಯ ಶಾಲನ್ನು ಕತ್ತರಿಸಿ ಕೊಳವೆಯ ಉದ್ದಕ್ಕೂ ಚೀಲ ಹೊಲಿದ. ಬೆಳಿಗ್ಗೆ ಎದ್ದ ಕೂಡಲೇ ಉಳಿದ ನೀರು ಚೆಲ್ಲಿ, ಡಬ್ಬಿ ತೊಳೆದು, ಕಿಟಕಿಯಲ್ಲಿ ಬೋರಲು ಹಾಕುವುದು ಅವಳ ಮೊದಲ ಕೆಲಸವಾಯಿತು. ವಾರಕ್ಕೊಮ್ಮೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸುವುದು. ಮೂರು ನಿಮಿಷದ ಕೆಲಸ. ತೊಳೆಯುವಾಗೆಲ್ಲ ಅವಳಿಗೆ ಟೈ ನೆನಪಾಗುತ್ತಿದ್ದ. ಜನಕ್ಕೆ ಬರಲ್ಲವಂತೆ.

ಮೂಗು ವಾರದಲ್ಲಿ ವಾಸಿಯಾಯಿತು. ದನಿ ಬರಲು ಏಳು ವಾರ ಹಿಡಿಯಿತು, ಬಂದದ್ದೂ ಹಳೆಯ ದನಿಯಲ್ಲ. ಎತ್ತರದ ಸ್ವರಗಳು ಹೋಗಿ ಕೆಳಗೆ ಸ್ವಲ್ಪ ಗರಗರ ಉಳಿದಿತ್ತು. ಗಾಜಿನ ಗೂಡಿಗೆ ಮರಳಿದ ದಿನ ಅವಳು ನಾಲ್ಕು ಬಸ್ಸುಗಳನ್ನು ಸರಿಯಾಗಿ ಕೂಗಿದಳು. ಐದನೆಯದರ ಮುಂಚೆ ನೀರು ಕುಡಿದು, ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ಆಸ್ಪತ್ರೆ ಎದುರಿನ ಅಂಗಡಿಯಿಂದ ಯಂತ್ರ ತೆಗೆದುಕೊಂಡವರು, ನಿಮ್ಮ ಯಂತ್ರದ ಪಕ್ಕದ ಮುಚ್ಚಳ ತೆಗೆದು ನೋಡಿ. ಒಳಗೆ ನೀರಿನ ಡಬ್ಬಿ ಇಲ್ಲದಿದ್ದರೆ ಅಂಗಡಿಗೆ ಹೋಗಿ ಕೇಳಿ. ಕೌಂಟರಿನ ಹಿಂದಿನ ಕಪಾಟಿನಲ್ಲಿದೆ. ಅದು ನಿಮ್ಮದೇ. ಮೂಗು ಒಣಗಿ ಯಂತ್ರ ಬಿಟ್ಟಿದ್ದರೆ ಅದು ನಿಮ್ಮ ಸೋಮಾರಿತನವಲ್ಲ. ಹಾಗೆ ಅಂದವರು ಅಂದದ್ದು ತಪ್ಪು. ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು ಹತ್ತು ನಿಮಿಷದಲ್ಲಿ ಹೊರಡಲಿದೆ."

ಗಂಟೆಗೊಮ್ಮೆ ಸಂಜೆಯವರೆಗೂ ಹೇಳಿದಳು. ಕಂಟ್ರೋಲರ್ ಎರಡು ಸಲ ಜವಾನನನ್ನು ಕಳಿಸಿದ. ಅವಳು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದಳು. ಮರುದಿನ ಅಂಗಡಿಯ ಮುಂದೆ ಹತ್ತೊಂಬತ್ತು ಜನ ನಿಂತಿದ್ದರಂತೆ. ಅದರಲ್ಲಿ ಯಂತ್ರವನ್ನು ಅಟ್ಟಕ್ಕೆ ಹಾಕಿದವರು ಹನ್ನೊಂದು ಮಂದಿ. ಕಪಾಟು ಖಾಲಿಯಾಯಿತು. ಮೈಕಮ್ಮನಿಗೆ ಸರ್ಕಾರಿ ಮೈಕಿನ ದುರುಪಯೋಗಕ್ಕಾಗಿ ಹದಿನೈದು ದಿನದ ಅಮಾನತು ಬಂತು. ಟೈಗೆ ಏನೂ ಆಗಲಿಲ್ಲ. ಅವನನ್ನು ಅದೇ ಅಂಗಡಿಯ ಇನ್ನೊಂದು ಶಾಖೆಗೆ ಕಳಿಸಿದರು, ಅಷ್ಟೇ. ಅದನ್ನು ಕೇಳಿದ ದಿನ ಅವಳು ಊಟ ಬಿಟ್ಟಳು.

ಅಮಾನತಿನ ಮೂರನೇ ದಿನ ಶೆಡ್ಡಿಗೆ ಹೋದಳು. ಮೀಸೆಯ ಫೈಲ್ ನಂಬರಿನ ಡಬ್ಬಿಯನ್ನು ಡಾಕ್ಟರಮ್ಮನೇ ತರಿಸಿ ಇವಳ ಕೈಗೆ ಕೊಟ್ಟಿದ್ದಳು. ಮೀಸೆ ಒಂದು ಬಸ್ಸಿನ ಚಕ್ರಕ್ಕೆ ನೀರು ಹಿಡಿದಿದ್ದ. ಡಬ್ಬಿ ನೋಡಿಯೂ ಪೈಪು ಕೆಳಗಿಡಲಿಲ್ಲ.

"ಕೇಳಿಸ್ಕೊಂಡೆ ಅಕ್ಕ, ಮೈಕಲ್ಲಿ. ಇಡೀ ಊರು ಕೇಳಿಸ್ಕೊಂಡಿತು."

"ಮೈಕಲ್ಲಿ ಹೇಳಿದ್ದು ಬೇರೆ. ಕ್ಯಾಂಟೀನಲ್ಲಿ ನಿನ್ನ ಬೈದದ್ದು ನಾನು. ಅದು ತಪ್ಪು. ಅದನ್ನ ನಿನ್ನ ಮುಂದೇನೇ ಹೇಳಬೇಕಿತ್ತು."

"ಈಗ ಡಬ್ಬಿ ತಂದುಕೊಟ್ರೆ ಆಗೋಯ್ತಾ?" ಅವನು ನೀರನ್ನು ಚಕ್ರದಿಂದ ಕಿಟಕಿಗೆ ಏರಿಸಿದ. "ಎರಡು ವರ್ಷ ಅಕ್ಕ. ನನ್ನ ಕೈಲಿ ಕಲಿತ ಹುಡುಗರು ಗಾಡಿ ತಂದು ನಿಲ್ಲಿಸಿ, ಅಣ್ಣ, ಗಾಜು ಚೆನ್ನಾಗಿ ಒರೆಸು ಅಂತಾರೆ. ಸ್ಕೂಲ್ ಫಾರ್ಮಲ್ಲಿ ಅಪ್ಪನ ಕೆಲಸ ಅನ್ನೋ ಕಡೆ ಮಗಳು ಡ್ರೈವರ್ ಅಂತಾನೇ ಬರೀತಾಳೆ. ನಾನು ಸುಮ್ಮನಿರ್ತೀನಿ."

"ಆಗಲ್ಲ," ಎಂದಳು ಮೈಕಮ್ಮ. "ಅದಕ್ಕೇ ಸಿಟ್ಟು ನನಗೆ."

ಅವನು ಬಸ್ಸಿನ ಆ ಬದಿ ಪೂರ್ತಿ ತೊಳೆದ. ಅವಳು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತೇ ಇದ್ದಳು. ಕೆಸರು ನೀರು ಚಪ್ಪಲಿಯ ಕೆಳಗೆ ಹರಿದುಹೋಗುತ್ತಿತ್ತು. ಕೊನೆಗೆ ಅವನು ಕೈ ಒರೆಸಿಕೊಂಡು ಬಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಇದಕ್ಕೆ ಯಾವ ನೀರು? ಬ್ಯಾಟರಿಗೆ ಹಾಕ್ತೀವಲ್ಲ, ಅದೇ ಡಿಸ್ಟಿಲ್ಡ್ ವಾಟರಾ?"

"ಶೆಡ್ಡಿಂದ ಎತ್ಕೊಂಡು ಹೋದೀಯ, ಹುಷಾರ್. ಮೆಡಿಕಲ್ ಶಾಪಲ್ಲಿ ಸಿಗೋದು ತಗೋ. ಅದು ಮುಗಿದ ದಿನ ಕುದಿಸಿ ಆರಿಸಿದ್ದು ಹಾಕು. ಈ ಗೆರೆ ದಾಟಬಾರದು. ನೀರಿರುವಾಗ ಮಷೀನು ಅಲ್ಲಾಡಿಸಬಾರದು. ಬೆಳಿಗ್ಗೆ ಚೆಲ್ಲು, ತೊಳಿ, ಒಣಗಿಸು. ಎಲ್ಲಿ, ಹೇಳು ನೋಡೋಣ."

ಅವನು ಹೇಳಿದ. ಅವಳು ಇನ್ನೊಮ್ಮೆ ಹೇಳಿಸಿದಳು.

ಮೀಸೆಯ ಮೂರು ತಿಂಗಳ ಕಾರ್ಡು, ಒಂದು ದಿನವೂ ತಪ್ಪದ್ದು, ಬೋರ್ಡಿನ ಮುಂದೆ ಹೋಯಿತು. ಡಾಕ್ಟರಮ್ಮ ತನ್ನ ಹಳೆಯ ಬರಹ ತಪ್ಪೆಂದು ಕಾಗದ ಕೊಟ್ಟಳು. ಅಷ್ಟರ ಮಟ್ಟಿಗೆ ಅವಳು ದೊಡ್ಡವಳೇ. ಬೋರ್ಡಿನವರು ಮೀಸೆಗೆ ಬಸ್ಸು ಕೊಟ್ಟರು, ಆದರೆ ಊರೊಳಗೆ ಸುತ್ತುವ ಸಣ್ಣ ಬಸ್ಸು. ದೂರದ ಮಾರ್ಗಕ್ಕೆ ಈ ಎರಡು ವರ್ಷದಲ್ಲಿ ಅವನ ವಯಸ್ಸು ಮೀರಿತ್ತಂತೆ. ಯಾರ ತಪ್ಪಿಗೆ ಯಾರ ವಯಸ್ಸು ಮೀರಿತು ಎಂದು ಮೈಕಮ್ಮ ಬೋರ್ಡಿನ ಮೆಟ್ಟಿಲ ಮೇಲೆ ನಿಂತು ಕೇಳಿದಳು. ಗುಮಾಸ್ತ, "ನಿಯಮ ಮೇಡಂ," ಎಂದ. ನಿಯಮ ಬರೆದವರ ಹೆಸರು, ವಿಳಾಸ ಬರೆದುಕೊಡು ಎಂದು ಅವನ ಮೇಜಿಗೇ ಬಂದು ನಿಂತಳು. ಅವನು ಕೊಟ್ಟ ವಿಳಾಸಕ್ಕೆ ಅರ್ಜಿ ಹೋಗಿದೆ, ಜ್ಞಾಪನಾ ಪತ್ರ ಎರಡು ಹೋಗಿವೆ. ಉತ್ತರ ಬಂದಿಲ್ಲ.

ಮೊನ್ನೆ ಮೀಸೆ ಸಣ್ಣ ಬಸ್ಸನ್ನು ನಿಲ್ದಾಣದ ಹೊರಗೆ ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದ. "ಬಿಟ್ಟುಬಿಡಿ ಅಕ್ಕ. ಸ್ಟಿಯರಿಂಗ್ ಕೈಗೆ ಬಂತಲ್ಲ, ಸಾಕು ನನಗೆ."

"ನಿನಗೆ ಸಾಕಿರಬಹುದು," ಎಂದು ಮೈಕಮ್ಮ ಮೂರನೇ ಜ್ಞಾಪನಾ ಪತ್ರದ ಕೆಳಗೆ ತಾರೀಖು ಬರೆದು ಅವನ ಮುಂದೆ ತಳ್ಳಿದಳು. "ಇಲ್ಲಿ ಸಹಿ ಹಾಕು. ಹಾಕಿ ಬೇಗ ಇಳಿ, ನಿನ್ನ ಬಸ್ಸಿನ ಹಿಂದೆ ನಾಲ್ಕು ಗಾಡಿ ನಿಂತಿವೆ."